ಮುಲ್ಕಿ ಗಂಡ

ಯಾದಗಿರಿಯ ಕನ್ಯಾಶಾಲೆಗೆ ಹೊಸದಾಗಿ ಪಾಠ ಹೇಳಲು ಬಂದ ಅಕ್ಕೋರು ಮೌನಮ್ಮ ತಹಸೀಲ ಕಚೇರಿಯ ಮೆಟ್ಟಿಲೇರಿದರೆ ಸಾಕು, ಗುಮಾಸ್ತ ಖಂಡಪ್ಪನ ಲೇಖನಿ ನಿಂತುಬಿಡುತ್ತಿತ್ತು. ಅದು 1952. ಅವಳು ತಾಳಿಕೋಟೆಯವಳು, ಅಂದರೆ ಮುಂಬಯಿ ರಾಜ್ಯದವಳು. ಹೈದರಾಬಾದ್ ರಾಜ್ಯದಲ್ಲಿ ಸರಕಾರಿ ನೌಕರಿ ಕಾಯಂ ಆಗಲು ಹದಿನೈದು ವರ್ಷ ಇಲ್ಲೇ ನೆಲೆಸಿದ 'ಮುಲ್ಕಿ', ಅಂದರೆ ಈ ನಾಡಿನವರೇ, ಎಂಬ ಸರ್ಟಿಫಿಕೇಟ್ ಬೇಕು. ಅವಳು ಬಂದು ಹದಿನೈದು ತಿಂಗಳೂ ಆಗಿರಲಿಲ್ಲ.

ಆದರೂ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದಳು; ವಾರಕ್ಕೊಮ್ಮೆ ಅದನ್ನು ವಿಚಾರಿಸಲು ಬರುತ್ತಿದ್ದಳು. ಖಂಡಪ್ಪನ ಮೂಗಿಗೆ ಹತ್ತಿದ ಶಾಯಿ ಕಂಡು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಮೆಲ್ಲಗೆ ಕೇಳಿದಳು. "ಮುಲ್ಕಿ ಗಂಡನ್ನ ಲಗ್ನ ಆದ್ರ ಹೆಣ್ತಿನೂ ಮುಲ್ಕಿ ಆಗ್ತಾಳಂತ. ಖರೇನೇನ್ರಿ?"

"ಹೌದ್ರಿ."

ಖಂಡಪ್ಪ ಹುಟ್ಟಾ ಮುಲ್ಕಿ, ಲಗ್ನವೂ ಆಗಿರಲಿಲ್ಲ. ಇಷ್ಟು ದಿನದ ನಗು ಇದಕ್ಕೇನಾ?

ಅಂದಿನಿಂದ ಅವಳ ಒಂದೊಂದು ನೋಟವನ್ನೂ ಅರ್ಜಿಯಂತೆ ತಿರುವಿ ತಿರುವಿ ಓದಿದ. ಮಲ್ಲಿಗೆ ಮುಡಿದಾಳ, ಯಾಕ? ಊಟ ಆತೇನ್ರಿ ಅಂದ್ಲು, ಯಾಕ? ಕೊನೆಗೆ ತಡೆಯದೆ ಬೇವಿನ ಮರದ ಕೆಳಗೆ ನಿಲ್ಲಿಸಿ ಕೇಳಿಯೇಬಿಟ್ಟ.

"ಅಕ್ಕೋರ, ನೀವು ನಗೂದು ನನಗೋ, ಸರ್ಟಿಫಿಕೇಟಿಗೋ?"

ಅವಳ ಮುಖ ಕೆಂಪಾಯಿತು. "ಹೆಡ್ ಅಕ್ಕೋರು ಹೇಳಿದ್ರು, ಕೇಳಿದೆ. ನಿಮ್ಮನ್ನ ಹ್ಯಾಂಗ ನೋಡಿದೆ ಅನ್ನೂದು ನಿಮಗ ಗೊತ್ತಾಗ್ಲಿಲ್ಲೇನು?"

ಮರುದಿನವೇ ಅರ್ಜಿ ವಾಪಸ್ ಪಡೆದಳು. ಮುಲ್ಕಿ ಅಲ್ಲವೆಂದು ತಿಂಗಳೊಳಗೆ ಶಾಲೆಯ ಕೆಲಸವೂ ಹೋಯಿತು.

ಊರು ಬಿಟ್ಟಳೆಂದೇ ಖಂಡಪ್ಪ ತಿಳಿದಿದ್ದ. ಸ್ಟೇಷನ್ ರಸ್ತೆಯ ಗೌಹರಬೇಗಂ ಅವರ ಹೊಲಿಗೆ ಅಂಗಡಿಯಲ್ಲಿ ಮಷೀನಿನ ಮುಂದೆ ಮೌನಮ್ಮನನ್ನು ಕಂಡಾಗ ಕಾಲು ತಾನಾಗಿ ಒಳಗೆ ನಡೆಯಿತು.

"ಏನ್ ಹೊಲೀಬೇಕ್ರಿ?" ಅವಳು ತಲೆ ಎತ್ತಲಿಲ್ಲ.

"ತಪ್ಪಾತು ಅನ್ನಾಕ ಬಂದೀನಿ. ದಿನಾ ಕಚೇರಿ ಬಾಗಲಾನೇ ನೋಡಾಕತ್ತೇನಿ... ನೀವು ತಾಳಿಕೋಟಿಗಿ ಯಾಕ ಹೋಗ್ಲಿಲ್ರಿ?"

"ಯಾಕಂತ ನೀವೇ ಹೇಳ್ರಿ. ಅನುಮಾನ ಪಡೋದ್ರಾಗ ಭಾಳ ಶಾಣ್ಯಾ ಅದೀರಿ."

ಖಂಡಪ್ಪ ಮಷೀನಿನ ಹತ್ತಿರ ಬಂದ. "ನನ್ನ ಲಗ್ನ ಆಗ್ತೀರೇನು?"

ಮಷೀನು ನಿಂತಿತು.

"ಆಗ್ತೀನಿ. ಆದ್ರ ಮರುದಿನಾನೇ ಮುಲ್ಕಿ ಅರ್ಜಿ ಹಾಕ್ತೀನಿ. ಸಾಲಿ ನೌಕರಿ ನನಗ ಬೇಕು. ಆವಾಗ ಮತ್ತ ಅನುಮಾನ ಬಂದ್ರ?"

ಖಂಡಪ್ಪ ಸುಳ್ಳು ಹೇಳಲಿಲ್ಲ. "ಬರಬಹುದ್ರಿ. ಬಂದ್ರ ಮನಸ್ಸಿನಾಗ ಇಟ್ಕೊಳ್ಳಂಗಿಲ್ಲ, ನಿಮ್ಮನ್ನೇ ಕೇಳ್ತೀನಿ."

ಈ ಸಲ ಅವಳೇ ಅವನನ್ನು ಅನುಮಾನದಿಂದ, ಬಹಳ ಹೊತ್ತು ನೋಡಿದಳು. ಆಮೇಲೆ ಬೆಂಚಿನ ಮೇಲಿನ ಬಟ್ಟೆ ಸರಿಸಿದಳು.

"ಕೂಡ್ರಿ. ಚಾ ತರಿಸ್ತೀನಿ."