ಅಗ್ಗದ ನಾಬುಗಳ ಜಗಳ

ಪೊಟ್ಟಣ ಮೇಜಿಗೆ ಬಡಿದ ರಭಸಕ್ಕೆ, ದನಿ ಏರಿಳಿಸಲು ತಿರುಗಿಸುವ ನಾಬುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಒಂದು ಉರುಳಿಕೊಂಡು ಹೋಗಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯವನ ಕಾಲಬುಡ ಸೇರಿತು.

"ನಾನು ಕೇಳಿದ್ದೇನು, ನೀವು ಕೊಟ್ಟಿದ್ದೇನು?" ಎಂದಳು ಎದುರು ನಿಂತ ಹುಡುಗಿ.

ಅವನು ತಲೆಯೆತ್ತಿದ. ಇಷ್ಟು ದಿನ ಫೋನಿನಲ್ಲಿ ಮಾತ್ರ ಕೇಳಿದ್ದ ದನಿಗೆ ಇಂಥ ಕಣ್ಣುಗಳಿರುತ್ತವೆಂದು ಅವನು ಎಣಿಸಿರಲಿಲ್ಲ. ಪಾಪ, ಆ ಕಣ್ಣು ನೋಡುತ್ತ ನಿಲ್ಲುವ ಹೊತ್ತೂ ಅದಾಗಿರಲಿಲ್ಲ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ. ಈಗಂತೂ ನೆತ್ತಿಗೇರಿತ್ತು.

ಏರದೆ ಇನ್ನೇನು? ಅವಳ ಅಪ್ಪ ನಾಟಕಮಂದಿರದಲ್ಲಿ ಧ್ವನಿ ನೋಡಿಕೊಳ್ಳುವವನು. ದನಿಗಳನ್ನು ಹದಗೊಳಿಸುವ ಅಲ್ಲಿನ ಹಳೆಯ ಧ್ವನಿಫಲಕ ಕೈಕೊಟ್ಟಿತ್ತು. ಹೊಸದು ಕೊಳ್ಳುವ ಶಕ್ತಿ ತಂಡಕ್ಕಿಲ್ಲ. ಮೀಟರ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಮಗಳು, ನಾನೇ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ನಾಳೆಯೇ ಕೊನೆಯ ತಾಲೀಮು. ಅಷ್ಟರಲ್ಲಿ ಫಲಕ ಸಿದ್ಧವಾಗದಿದ್ದರೆ ವ್ಯವಸ್ಥಾಪಕ ಬಾಡಿಗೆಗೆ ಫಲಕ ತರಿಸಿ, ಅದನ್ನು ನಡೆಸಲು ಬೇರೊಬ್ಬನನ್ನೂ ಕರೆಸುತ್ತಾನೆ. ಆಮೇಲೆ ಅಪ್ಪನ ಕುರ್ಚಿ ಅಪ್ಪನದಾಗಿ ಉಳಿಯುವುದಿಲ್ಲ.

"ನುಣ್ಣಗೆ ತಿರುಗೋದು ಕೇಳಿದ್ದೆ. ಇದು ಹೆಜ್ಜೆಗೊಂದು ಸಲ ಟಿಕ್ ಅನ್ನುತ್ತೆ. ಖರ್ಚಾಗದೆ ಬಿದ್ದಿತ್ತು, ನನ್ನ ತಲೆಗೆ ಕಟ್ಟಿದ್ರಿ, ಅಲ್ವಾ?"

"ಅಗ್ಗ ಅನ್ನೋದು ನಿಜ. ಕೆಟ್ಟದ್ದಲ್ಲ. ಇದು ತಿರುಗಿದ್ದನ್ನ ಎಣಿಸಿ ದನಿ ಏರಿಳಿಸೋ ಚಿಪ್ ಕೂಡ ಪೊಟ್ಟಣದಲ್ಲಿಟ್ಟಿದ್ದೆ."

"ಚಿಪ್ ಯಾರಿಗೆ ಬೇಕು? ಇದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ, ಸುತ್ತುತ್ತಾನೇ ಇರುತ್ತೆ. ಕತ್ತಲಲ್ಲಿ ಫಲಕದ ಮುಂದೆ ಕೂತೋರಿಗೆ ದನಿ ಎಷ್ಟಿದೆ ಅಂತ ಬೆರಳಿಗೆ ಗೊತ್ತಾಗೋದು ಹೇಗೆ? ಬದಲಾಯಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು?"

ಅವನು ಬಗ್ಗಿ ಕಾಲಬುಡದ ನಾಬನ್ನು ಹೆಕ್ಕಿ ಮೇಜಿನ ಮೇಲಿಟ್ಟ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

"ಮೋಸ ಮಾಡೋರಿಗೆ ಮಾತು ಎಲ್ಲಿಂದ ಬರಬೇಕು..."

ಅವನ ಮುಖ ಕೆಂಪಾಯಿತು. "ಎಷ್ಟಾದ್ರೂ ಬೈಯಿರಿ. ಮೋಸ ಅನ್ನಬೇಡಿ. ನಾನು ಒಬ್ಬರಿಗೆ ಮಾತು ಕೊಟ್ಟಿದೀನಿ."

"ಯಾರಿಗೆ?"

"ನನಗೆ ಕಣೆ."

ಬಾಗಿಲಲ್ಲಿ ಅಪ್ಪ ನಿಂತಿದ್ದ. ಮಗಳು ಪೊಟ್ಟಣ ಹಿಡಿದು ಧುಮುಗುಡುತ್ತ ಹೊರಟದ್ದು ಕಂಡು ಹಿಂದೆಯೇ ಬಂದವನಿಗೆ ಏದುಸಿರು.

"ತಂತಿ ತಗೊಳ್ಳೋಕೆ ಬಂದಾಗ ನಾನೇ ಹೇಳಿದ್ದು. ನನ್ನ ಕೈ ನಡುಗುತ್ತೆ. ನುಣ್ಣಗಿರೋ ನಾಬು ಹಿಡಿದ್ರೆ ಅದೂ ನನ್ನ ಜೊತೆ ನಡುಗುತ್ತೆ, ದನಿ ಏರಿಳಿಯುತ್ತೆ. ಟಿಕ್ ಅಂತ ನಿಂತಲ್ಲೇ ನಿಲ್ಲೋದು ಕೊಡು, ಮಗಳಿಗೆ ಹೇಳಬೇಡ ಅಂದೆ."

"ಅಂಗಡಿಯವರಿಗೆ ಹೇಳಬಹುದು. ಮಗಳಿಗೆ ಹೇಳಬಾರದು, ಅಲ್ವಾ ಅಪ್ಪ?"

"ಹೇಳಿದ್ರೆ ನನ್ನನ್ನ ಮನೇಲಿ ಕೂರಿಸ್ತಿದ್ದೆ."

ಕೂರಿಸುತ್ತಿದ್ದಳು. ಅದು ನಿಜವಾದ್ದರಿಂದಲೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅಪ್ಪನ ಮೇಲೆ, ಇವನ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ. ದಿನವೂ ಎದುರು ಕೂತು ಚಹಾ ಕುಡಿಯುವ ಕೈಯನ್ನು ನಾನೇಕೆ ನೋಡಲಿಲ್ಲ?

ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. "ಟಿಕ್ ಅನ್ನಲೂ ಬೇಕು, ಎರಡೂ ತುದೀಲಿ ನಿಲ್ಲಲೂ ಬೇಕು. ಇದೆಯಾ?"

"ಹೊಸದಾದ್ರೆ ದುಬಾರಿ. ತರಿಸೋಕೂ ಟೈಮಿಲ್ಲ."

"ಹೊಸದು ಯಾಕೆ? ಕಾರಿನ ಹಳೇ ಸ್ಟೀರಿಯೋಗಳಲ್ಲಿ ಅಂಥದ್ದು ಇರುತ್ತೆ. ಗುಜರಿ ಇಟ್ಟಿದೀರೋ, ಅದನ್ನೂ ಯಾರಿಗಾದ್ರೂ ಮಾತು ಕೊಟ್ಟು ಬಚ್ಚಿಟ್ಟಿದೀರೋ?"

ಅವನಿಗೆ ನಗು ಬಂತು. ನಗಲು ಧೈರ್ಯ ಬರಲಿಲ್ಲ. "ಹಿಂದಿನ ಕೋಣೆ ತುಂಬ ಇದೆ, ಬನ್ನಿ."

ಇಬ್ಬರೂ ನೆಲದ ಮೇಲೆ ಕೂತು ಸ್ಟೀರಿಯೋಗಳ ಹೊಟ್ಟೆ ಬಗೆದರು. ಅವಳು ಬೆಸುಗೆ ಬಿಡಿಸುತ್ತ ಒಂದೊಂದು ನಾಬನ್ನೂ ತುದಿಯಿಂದ ತುದಿಗೆ ತಿರುಗಿಸಿ, ಕರಕರ ಅಂದದ್ದನ್ನು ಎಸೆದಳು. ಬೈಗುಳವನ್ನು ಮಾತ್ರ ನಿಲ್ಲಿಸಲಿಲ್ಲ. ಅವನು ತಲೆಯಾಡಿಸುತ್ತ ಕೇಳಿದ್ದು ಕೊಡುತ್ತಿದ್ದ. ಬಿಸಿ ತಂತಿ ತಗುಲಿ ಅವನು ಬೆರಳು ಕೊಡವಿದಾಗ ಅವಳೇ ಅದನ್ನು ಎಳೆದುಕೊಂಡು ಉಫ್ ಎಂದು ಊದಿದಳು.

"ಅಷ್ಟೂ ಗೊತ್ತಾಗಲ್ವಾ ನಿಮಗೆ?" ಎಂದಳು. ದನಿಯಲ್ಲಿನ ಸಿಟ್ಟು ಎಲ್ಲೋ ಸಡಿಲಾಗಿತ್ತು.

ಮರುದಿನ ತಾಲೀಮಿನಲ್ಲಿ ದೀಪಗಳು ಆರಿದವು. ಅಪ್ಪನ ಬೆರಳು ನಾಬಿನ ಮೇಲೆ ನಡುಗುತ್ತಿತ್ತು. ಬಿರುಗಾಳಿಯ ದನಿ ಮಾತ್ರ ಒಂದೊಂದೇ ಟಿಕ್ಕಿಗೆ ಇಳಿದು, ಬೇಕಾದಲ್ಲಿ ಅಲುಗಾಡದೆ ನಿಂತಿತು. ಅದರ ಅಡಿಯಲ್ಲಿ ನಟಿಯ ಪಿಸುಮಾತು ಕೊನೆಯ ಸಾಲಿಗೂ ಕೇಳಿಸಿತು. ವ್ಯವಸ್ಥಾಪಕ ಅಪ್ಪನ ಭುಜ ತಟ್ಟಿ, "ನಾಳೆ ನಾಟಕಕ್ಕೆ ಬೇಗ ಬಾ" ಎಂದು ಮುಂದೆ ನಡೆದ.

ಹಿಂದಿನ ಗೋಡೆಗೊರಗಿ ನಿಂತಿದ್ದ ಅವಳ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಅಂಗಡಿಯವನು.

"ಇನ್ನೂ ಕೋಪಾನಾ?"

"ಹೂಂ."

"ಈಗ್ಯಾಕೆ?"

"ಅಪ್ಪನ ಹೆಸರು ಹೇಳಿದ್ರೆ ಮುಗೀತಿತ್ತು. ಅದು ಬಿಟ್ಟು ನನ್ನ ಕೈಲಿ ಮೋಸಗಾರ ಅನ್ನಿಸ್ಕೊಂಡು ನಿಂತ್ರಲ್ಲ... ಒಂದು ಸಲ ತಿರುಗಿ ಬೈದಿದ್ರೆ ನೀವು ನನಗೆ ಇಷ್ಟೊಂದು ಇಷ್ಟ ಆಗ್ತಿರಲಿಲ್ಲ."

ಅವನು ಅವಳತ್ತ ತಿರುಗಿದ. "ಈಗ ಬೈದ್ರೆ?"

"ತಡವಾಯ್ತು" ಎಂದು ಅವಳು ಅವನ ಕೈ ಹಿಡಿದುಕೊಂಡಳು.