ಎಳೆ ಎಣಿಸುವವಳು

ಟಿಕ್.

ನಡುರಾತ್ರಿ ಮೀರಿದ ಮೇಲೆ ಹುಡುಗಿಯರ ಹಾಸ್ಟೆಲಿನ ಪಡಸಾಲೆಯಲ್ಲಿ ಆ ಸದ್ದು ಒಮ್ಮೆ ಈ ಕೋಣೆಯಿಂದ, ಒಮ್ಮೆ ಆ ಕೋಣೆಯಿಂದ ಕೇಳುತ್ತಿತ್ತು, ಹಲ್ಲಿ ಲೊಚಗುಟ್ಟಿದಷ್ಟೇ ಮೆಲ್ಲಗೆ. ಓದುತ್ತ ಕುಳಿತವರ ಮನಸ್ಸು ಪುಸ್ತಕ ಬಿಟ್ಟು ಹೊರಟಿತೆಂದರೆ ಹಣೆಗೆ ಕಟ್ಟಿದ ಪಟ್ಟಿ ಹಾಗೆ ಸದ್ದು ಮಾಡಿ, ಇರುವೆ ಕಚ್ಚಿದಷ್ಟು ಚುರುಕು ಮುಟ್ಟಿಸುತ್ತಿತ್ತು. ಮನಸ್ಸು ತೆಪ್ಪಗೆ ಮರಳುತ್ತಿತ್ತು.

ಈ ಲಕ್ಷ್ಯಪಟ್ಟಿಯನ್ನು ಕಂಡುಹಿಡಿದವಳು ಡಾ. ಇಂದುಮತಿ ಹುಣಸೀಕಟ್ಟಿ. ಮಿದುಳಿನ ಸಣ್ಣ ವಿದ್ಯುತ್ ಅಲೆಗಳನ್ನು ಓದಿ, ಗಮನ ಯಾವುದು, ಅಲೆದಾಟ ಯಾವುದು ಎಂದು ಅದು ಹೇಳಬಲ್ಲದು. ಧಾರವಾಡದ ಹೊರಗಿನ ಈ ವೈದ್ಯಕೀಯ ಕಾಲೇಜಿಗೆ ಪಟ್ಟಿ ಬಂದ ಮೇಲೆ ನಪಾಸಾದವರೇ ಇಲ್ಲ. ತಂದೆತಾಯಂದಿರು ಇಂದುಮತಿಗೆ ಕೈಮುಗಿಯುತ್ತಿದ್ದರು.

ಆದರೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ನಾಟಕ ಬರೆಯುವವರು ಸಿಗದೆ ನಾಟಕವನ್ನೇ ಕೈಬಿಟ್ಟಿದ್ದರು. ಮಾಸ್ತರರಿಗೆ ಒಂದು ಹೊಸ ಅಡ್ಡಹೆಸರು ಇಡುವಷ್ಟು ಕಿಡಿಯೂ ಯಾರಲ್ಲೂ ಉಳಿದಂತಿರಲಿಲ್ಲ. ತಾನೇ ಏನನ್ನೋ ಕೊಂದೆನೇ ಎಂಬ ಅಂಜಿಕೆಯನ್ನು ಅವಳು ಯಾರ ಮುಂದೂ ಆಡಿರಲಿಲ್ಲ.

ಈ ರಾತ್ರಿ ಅವಳು ಹಾಸ್ಟೆಲಿಗೆ ಬಂದದ್ದು ಬೇರೆ ಕಾರಣಕ್ಕೆ. ಒಂದು ಕೋಣೆಯ ಪಟ್ಟಿ ಎಷ್ಟೋ ದಿನದಿಂದ ಸದ್ದೇ ಮಾಡಿರಲಿಲ್ಲ. ಕೆಟ್ಟಿರಬೇಕು, ಇಲ್ಲವೇ ಯಾರೋ ಮೋಸ ಮಾಡುತ್ತಿರಬೇಕು. ಪಟ್ಟಿಗೆ ಮೋಸ ಮಾಡಿದವರ ಸೀಟು ಹೋಗುವುದು ಕಾಲೇಜಿನ ನಿಯಮ.

ಬಾಗಿಲು ತೆರೆದ ಸಂಪದಾ ಕಮ್ಮಾರ ಎರಡನೇ ವರ್ಷದ ಹುಡುಗಿ. ಹಣೆಯ ಮೇಲೆ ಪಟ್ಟಿ ಇತ್ತು. ಕೈ ಮಾತ್ರ ಬೆನ್ನ ಹಿಂದೆ.

“ಏನವಾ ಅದು? ತೋರ್ಸು.”

“ಏನಿಲ್ರಿ ಮೇಡಮ್.”

“ಏನಿಲ್ಲಂದ್ರ ತೋರ್ಸಾಕ ಏನು?”

ಕಪ್ಪು ಬಟ್ಟೆ, ಕೆಂಪು ದಾರ. ಕಸೂತಿ. ಆದರೆ ಎಂದಿನ ಗೋಪುರವಲ್ಲ, ಆನೆಯಲ್ಲ. ಮೂತ್ರಪಿಂಡದ ನಾಳಗಳು ಮೂಲೆ ಮೂಲೆಗೆ ತಿರುಗಿ ಹರಿದಿದ್ದವು. ನಡುವೆ ಒಂದು ಗಿಳಿ.

“ಕಿಡ್ನಿಯೊಳಗ ಗಿಳಿ ಯಾಕ?”

“ಅಲ್ಲಿ ಕಲ್ಲು ಆಗೇತ್ರಿ. ಕುಕ್ಕಿ ತಗ್ಯಾಕತ್ತೈತಿ.”

ಇಂದುಮತಿ ಗಟ್ಟಿಯಾಗಿ ನಕ್ಕುಬಿಟ್ಟಳು. ಹುಡುಗಿ ಇನ್ನಷ್ಟು ಹೆದರಿದಳು.

“ಸೀಟು ಹೊಕ್ಕತೇನ್ರಿ? ಅಪ್ಪಗ ಏನಂತ ಹೇಳ್ಲಿ? ನಾ ಪಟ್ಟಿಗೆ ಏನೂ ಮಾಡಿಲ್ರಿ. ಕಸೂತಿ ಹಾಕುಮುಂದ ಅದು ಬಾಯೇ ಬಿಡಂಗಿಲ್ಲ. ಎಳಿ ಎಣಸ್ತೇನಿ, ಅಷ್ಟ. ಒಂದ್ ಎಳಿ ತಪ್ಪಿದ್ರ ಸೂಜಿ ಹೊಂಟಲ್ಲಿಗೆ ಹೊಳ್ಳಿ ಬರಂಗಿಲ್ಲ.”

“ಮತ್ತ ಓದು?”

“ಮೊದಲಿನಕಿಂತ ಚಲೋ ಐತ್ರಿ. ಬಟ್ಟಿ ಮ್ಯಾಲೆ ಹಾಕಿದ ನಾಳ ಒಂದೂ ಮರತಿಲ್ಲ.”

ಇಂದುಮತಿಗೆ ಈಗ ಹೊಳೆಯಿತು. ಕಸೂತಿಗೆ ಮೊದಲೇ ಗೆರೆ ಬರೆದುಕೊಳ್ಳುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಹೋಗಬೇಕು. ಪಟ್ಟಿಗೆ ಗಮನ ಎಂದರೇನೆಂದು ಕಲಿಸುವಾಗ ಅವಳ ತಂಡ ತೋರಿಸಿದ್ದು ಲೆಕ್ಕ ಬಿಡಿಸುವ ಜಾಣರ ಮಿದುಳನ್ನು. ಎಣಿಕೆ ಕಂಡಲ್ಲೆಲ್ಲ ಪಟ್ಟಿ ಅದನ್ನು ಓದು ಎಂದು ನಂಬಿ ಸುಮ್ಮನಾಗುತ್ತಿತ್ತು. ಆ ಎಣಿಕೆಯ ಮರೆಯಲ್ಲಿ ಗಿಳಿ ಹಾರಿತ್ತು. ಪಟ್ಟಿಯ ಈ ತಪ್ಪನ್ನು ತಿದ್ದುವುದು ಒಂದು ಗಳಿಗೆಯ ಕೆಲಸ.

ಅವಳು ಹಾಸಿಗೆಯ ಅಂಚಿಗೆ ಕುಳಿತಳು. ಎದೆಯ ಮೇಲಿನ ಕಲ್ಲು ಇಳಿದಂತಿತ್ತು. ತಾನು ಕೊಂದೆನೆಂದುಕೊಂಡದ್ದು ಸತ್ತಿಲ್ಲ, ಸಂದು ಹುಡುಕಿಕೊಂಡಿದೆ.

ತನ್ನ ಜೊತೆ ಓದಿದ ಹುಡುಗಿಯರು ನೆನಪಾದರು. ಆಗ ಯಾವ ಪಟ್ಟಿಯೂ ಇರಲಿಲ್ಲ. ಆದರೂ ಹಾಡುವವಳು ಹಾಡು ಬಿಟ್ಟಿದ್ದಳು, ಚಿತ್ರ ಬರೆಯುವವಳು ಬಣ್ಣಗಳನ್ನು ತಮ್ಮನಿಗೆ ಕೊಟ್ಟಿದ್ದಳು. ಬಿಡು ಎಂದು ಯಾರೂ ಗದರಿರಲಿಲ್ಲ. ಮನೆಯವರು, ಮೊದಲು ಓದು ಮುಗೀಲಿ ಎಂದಿದ್ದರು, ಅಷ್ಟೇ.

“ನಿನ್ನ ಸೀಟು ಎಲ್ಲೂ ಹೋಗಂಗಿಲ್ಲ,” ಎಂದು ಎದ್ದಳು. “ಗಿಳಿ ಕೊಕ್ಕು ಮುಗಿಸು.”

ಮೆಟ್ಟಿಲ ಬಳಿ ವಾರ್ಡನ್ ಕಾಶೀಬಾಯಿ ಕಾಯುತ್ತಿದ್ದಳು. “ಏನಾತ್ರೀ ಬಾಯಾರ, ಪಟ್ಟಿ ಕೆಟ್ಟಿತ್ತೇನು?”

“ಇಲ್ಲವಾ. ಬರೋಬರಿ ಐತಿ.”

ಗೇಟು ದಾಟುವಷ್ಟರಲ್ಲಿ ಇಂದುಮತಿ ನಿರ್ಧರಿಸಿಯಾಗಿತ್ತು. ಈ ಸಂಗತಿಯನ್ನು ತಂಡದವರಿಗಾಗಲಿ, ಹುಡುಗಿಯ ಮನೆಯವರಿಗಾಗಲಿ ಹೇಳಬಾರದು. ಹೇಳಿದರೆ, ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಸರಿಪಡಿಸಿಬಿಡುತ್ತಾರೆ.