ಕಾವಲು ಕೆರಳಿದಾಗ

ಕುಡುಗೋಲು ನನ್ನ ಗಂಟಲಿಗೆ ತಾಗಿತ್ತು.

ಹಿಡಿದಿದ್ದವನು ನನ್ನ ಅಣ್ಣ, ಮಾರಣ್ಣ. ಅವನ ಹಿಂದೆ ಚಿಕ್ಕಜಾಜೂರಿನ ರೈಲು ಹಳಿ. ಹಳಿಯ ಮೇಲೆ ನಮ್ಮದೇ ಕುರಿಗಳು.

"ಯಾರದೋ ಕುರಿ ಇವು. ಅವರಿಗೆ ಮುಟ್ಟಿಸ್ತೀನಿ. ನೀನ್ಯಾವನಲೇ ಅಡ್ಡ ಬರಾಕೆ?"

"ಅಣ್ಣಾ, ನಾನು ತಿಮ್ಮೇಶಿ... ನಿನ್ನ ತಮ್ಮ."

"ಸುಳ್ಳು ಬೊಗಳಬ್ಯಾಡ. ನನ್ನ ತಮ್ಮ ಇನ್ನೂ ಇಷ್ಟೇ ಅದಾನೆ." ಎಡಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದ.

ಕೇಳ್ರಿ, ಕಳುವಾದ ಕುರಿ ಹುಡುಕಿಕೊಡುವುದೇ ನನ್ನ ಕಸುಬು. ಹೊಸದುರ್ಗದಿಂದ ಹಿರಿಯೂರು ಸಂತೆಯವರೆಗೆ ಕಳ್ಳರಿಗೆಲ್ಲ ನನ್ನ ಹೆಸರು ಗೊತ್ತು. ಈಚೆಗೆ ಅಣ್ಣನ ರೊಪ್ಪದಲ್ಲೇ, ಅವನ ಕುರಿದೊಡ್ಡಿಯಲ್ಲೇ, ಕುರಿ ಕಡಿಮೆಯಾಗತೊಡಗಿದವು. ಬೇಲಿಯ ಮರೆಯಲ್ಲಿ ಕಾದು ಕೂತೆ. ಮುಳ್ಳು ಸರಿಸಿ ಕುರಿ ಹೊರಗಟ್ಟಿದವನು ಅಣ್ಣನೇ. ಹಿಂದೆಯೇ ಓಡಿ ಬಂದಿದ್ದೆ.

ಬೇರೆಯವರ ಕುರಿ ನಮ್ಮ ರೊಪ್ಪ ಹೊಕ್ಕರೆ ಹೊತ್ತು ಮುಳುಗುವ ಮೊದಲು ಒಡೆಯರಿಗೆ ಮುಟ್ಟಿಸಬೇಕು. ನಮ್ಮ ಹಿರಿಯರ ಕಟ್ಟಳೆ. ತಾನೇ ಕಿವಿ ಕತ್ತರಿಸಿ ಗುರುತು ಮಾಡಿದ ಕುರಿಗಳು ಈಗ ಅಣ್ಣನಿಗೆ ಪರರವಾಗಿದ್ದವು.

ರೈಲು ಕೂಗಿತು.

ಅಣ್ಣ ಹಳಿಯತ್ತ ಓಡಿದ. ಅವನ ಸೊಂಟ ಹಿಡಿದು ಉರುಳಿದೆ. ಕುಡುಗೋಲು ನನ್ನ ಭುಜ ಸೀಳಿತು.

ಅಣ್ಣ ಉಳಿದ. ಕುರಿಗಳು ಉಳಿಯಲಿಲ್ಲ.

ಚಿತ್ರದುರ್ಗದಲ್ಲಿ ಡಾಕ್ಟರ್ ಯಶೋದಾ ಅವನನ್ನು ಪರೀಕ್ಷೆ ಮಾಡಿದರು. ಮರೆವಿನ ಕಾಯಿಲೆ ಎಂದರು.

"ಮಿದುಳಿಗೂ ಕಾವಲಿನ ಜೀವಕೋಶ ಅವೆ. ಕಸ ತೆಗೆಯೋದು, ಒಳಗೆ ನುಗ್ಗಿದ ರೋಗಾಣು ಹೊಡೆಯೋದು ಅವುಗಳ ಕೆಲಸ. ಈ ಕಾಯಿಲೇಲಿ ಅವು ಕೆರಳಿಬಿಡ್ತವೆ. ನೆನಪಿಗೆ ಬೇಕಾದ ನರದ ಕೊಂಡಿಗಳನ್ನೂ ತಿಂದುಹಾಕ್ತವೆ."

"ಅಂಥ ಕಾವಲಿನವರನ್ನ ಮುಗಿಸಿಬಿಡ್ರಿ, ಮೇಡಂ."

"ಕಾವಲೇ ಇಲ್ದಿದ್ರೆ ಮಿದುಳು ಉಳಿಯಲ್ಲ. ಅವುಗಳನ್ನ ತಣ್ಣಗೆ ಮಾಡೋ ಔಷಧಿ ಹುಡುಕ್ತಾ ಅದಾರೆ. ಇನ್ನೂ ಸಿಕ್ಕಿಲ್ಲ."

"ಯಾರನ್ನ ಹೆದರಿಸಿದ್ರೆ ಬೇಗ ಸಿಗ್ತೈತೆ, ಹೇಳ್ರಿ."

ಅವರು ನನ್ನ ಭುಜದ ಪಟ್ಟಿ ಬಿಚ್ಚಿ ಹೊಸದು ಕಟ್ಟಿದರು.

ನಮ್ಮೂರು ಬಿ.ದುರ್ಗಕ್ಕೆ ಮರಳಿದೆವು. ಬೀರಪ್ಪನ ಗುಡಿಯ ಭಂಡಾರದ ಅರಿಶಿನವನ್ನು ಅಣ್ಣನ ಹಣೆಗೆ ಹಚ್ಚಿದೆ. ಬೀರಪ್ಪ ತಂದೆ, ಕುರಿ ಹೋದರೆ ಹೋಗಲಿ. ನನ್ನ ಹೆಸರೊಂದನ್ನು ಇವನಲ್ಲಿ ಉಳಿಸು.

ಸಂಜೆ ಅಣ್ಣ ನನ್ನೆದುರು ಬಂದು ನಿಂತ. ಬಹಳ ಹೊತ್ತು ದಿಟ್ಟಿಸಿದ. ಕೈಗೆ ನೀರಿನ ಚೆಂಬು ಕೊಟ್ಟ. ಕುಡಿದೆ. ಮೆಲ್ಲಗೆ ತೋಳು ಹಿಡಿದು ಬಾಗಿಲವರೆಗೆ ನಡೆಸಿದ.

"ಹೊತ್ತು ಮುಳುಗೋ ಮುಂಚೆ ಹೊರಡ್ರಿ. ನಿಮ್ಮೋರು ಹುಡುಕ್ತಿರ್ತಾರೆ."

ಎಷ್ಟೋ ಕಳ್ಳರನ್ನು ಊರು ಬಿಡಿಸಿದವನು ನಾನು. ಯಾರಿಗೂ ನೀರು ಕೊಟ್ಟಿರಲಿಲ್ಲ.